ಮೊದಲೇ ತೆಗೆದಿಟ್ಟ ಅಳು

ಮನೆಯಲ್ಲಿ ಸಿನಿಮಾ ನೋಡುವಾಗ ಗಂಡ ಕಣ್ಣೊರೆಸಿಕೊಂಡರೂ ಪಂಕಜಾಕ್ಷಿಯ ಕಣ್ಣು ಒದ್ದೆಯಾಗುತ್ತಿರಲಿಲ್ಲ. ಅವಳ ಮನಸ್ಸು ಹಗುರಾಗಲೆಂದು ಪಕ್ಕದ ಮನೆಯಾಕೆ ಅವಳನ್ನು ಟೀವಿಯ ಟಾಕ್ ಶೋ ಶೂಟಿಂಗಿಗೆ ಕರೆದುಕೊಂಡು ಹೋದಳು.

ಅತಿಥಿಯಾಗಿ ಬರಬೇಕಿದ್ದ ನಟ ಇನ್ನೂ ಬಂದೇ ಇರಲಿಲ್ಲ. ಅಷ್ಟರಲ್ಲೇ ಕ್ಯಾಮೆರಾ ಪ್ರೇಕ್ಷಕರತ್ತ ತಿರುಗಿತು.

"ಈಗ ಎಲ್ರೂ ಅಳಿ," ಎಂದ ನಿರ್ದೇಶಕ, ಬಾಯಲ್ಲಿ ಏನೋ ಜಗಿಯುತ್ತಾ.

"ಯಾಕಪ್ಪಾ ಅಳ್ಬೇಕು?" ಎಂದು ಕೇಳಿದಳು ಪಂಕಜಾಕ್ಷಿ.

"ಆಮೇಲೆ ಬೇಕಾದಲ್ಲಿ ಸೇರಿಸ್ಕೋತೀವಿ ಅಮ್ಮ. ನಿಮ್ಮನೇಲಿ ಯಾರಾದ್ರೂ ಸತ್ತಿದ್ರೆ ನೆನೆಸ್ಕೊಳ್ಳಿ."

ಅವಳು ಅಸಹ್ಯದಿಂದ ಚೀಲ ಕೈಗೆತ್ತಿಕೊಂಡಳು. ಎದ್ದು ಹೋಗಬೇಕೆನ್ನುವಷ್ಟರಲ್ಲಿ, ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಮಗಳ ಮುಖ ಕಣ್ಣೆದುರು ಬಂತು. ಬಿಕ್ಕಿ ಬಿಕ್ಕಿ ಅತ್ತಳು.

"ಸೂಪರ್!" ಎಂದ ಅವನು.

ಆ ಭಾನುವಾರ ಗಂಡ ನೋಡುತ್ತಿದ್ದ ಸಿನಿಮಾ ನಿಲ್ಲಿಸಿ ಕಾರ್ಯಕ್ರಮ ಹಾಕಿದ. ನಟ ತನ್ನ ಹೊಸ ಚಿತ್ರ ಸೋತ ಸಂಕಟವನ್ನು ಹೇಳಿಕೊಳ್ಳುತ್ತಿದ್ದ. ಮರುಕ್ಷಣವೇ ಪರದೆಯ ತುಂಬ ಪಂಕಜಾಕ್ಷಿಯ ಅಳುವ ಮುಖ ಬಂತು.

ಗಂಡ ಅವಳನ್ನೇ ದಿಟ್ಟಿಸಿ, ದೂರ ಸರಿದು ಕುಳಿತ.

"ಮಗಳ ಹೆಣದ ಮುಂದೆ ಬರ್ದೇ ಇದ್ದ ಕಣ್ಣೀರು, ಇವನ ಪಿಚ್ಚರ್ ಓಡ್ಲಿಲ್ಲ ಅಂತ ಬಂತೇನೆ?"