ಗಂಜಿ ಹಾಕಿದ ಎರಡು ಕೋಟು

ಫಿಲಿಪಿನೊ ದಂಗೆಕೋರರ ನಾಯಕ ಹಸಿಂತೊ ಅತ್ತಿಗೆಯ ಬುಟ್ಟಿಯನ್ನು ಚಾಪೆಯ ಮೇಲೆ ಬುಡಮೇಲು ಮಾಡಿದ. ಎರಡು ಬಿಳಿ ಕೋಟು ಬಿದ್ದವು. ತೋಳಿಗೆ ಚಿನ್ನದ ಪಟ್ಟಿಯಿದ್ದದ್ದು ಮನಿಲಾ ಕೋಟೆಯೊಳಗಿನ ಸ್ಪೇನಿನ ಕರ್ನಲನದು. ಇನ್ನೊಂದು, ಸ್ಪೇನಿನ ವಿರುದ್ಧ ಹಸಿಂತೊನ ಜೊತೆಗೆ ನಿಂತ ಅಮೆರಿಕದ ಲೆಫ್ಟಿನೆಂಟ್ ಟಿಲ್ಟನನದು. ಅದರ ಎದೆಯ ಗುಂಡಿ ಕೋಣದ ಕೊಂಬಿನದು. ಹಸಿಂತೊ ಗೆಳೆತನಕ್ಕೆ ತನ್ನ ಅಂಗಿಯಿಂದಲೇ ಕಿತ್ತುಕೊಟ್ಟದ್ದು.

"ವೈರಿಯ ಕೋಟಿಗೆ ನಮ್ಮ ಹುಡುಗರ ಅನ್ನದ ಗಂಜಿ ಹಾಕಿದೀಯಲ್ಲ, ಅತ್ತಿಗೆ?"

"ಕೋಟೆಗೆ ನೀರು ತಡೆದೋನು ನೀನೇ. ಅದಕ್ಕೇ ಅವರ ಬಟ್ಟೆ ಹೊರಗೆ ಬರುತ್ತೆ. ನಾನು ಬಟ್ಟೆ ಹೊತ್ತರೆ ಕೋಟೆಯ ಜೈಲಲ್ಲಿರೋ ನಿಮ್ಮಣ್ಣನಿಗೆ ಎರಡು ತುತ್ತು ಸಿಗುತ್ತೆ," ಎಂದಳು ಬಸ್ಯಾಂಗ್. "ಬೈಯೋದು ಬಿಟ್ಟು ಕೇಳು. ಇಬ್ಬರೂ ಶನಿವಾರಕ್ಕೇ ಬೇಕು ಅಂದಿದ್ದಾರೆ. ಗರಿಗರಿ ಇರಬೇಕಂತೆ."

 ದಾಳಿ ಶನಿವಾರ ಎಂಬುದು ಟಿಲ್ಟನ್ ಹಸಿಂತೊನ ಕಿವಿಯಲ್ಲಿ ಹೇಳಿದ ಗುಟ್ಟು. ಅಣ್ಣನನ್ನು ಬಿಡಿಸಿ ತರುವ ಖುಷಿಯಲ್ಲಿ ಇವಳೊಬ್ಬಳ ಮುಂದೆ ಬಾಯಿಬಿಟ್ಟಿದ್ದ. ಈಗ ಅದು ಕರ್ನಲನಿಗೂ ಗೊತ್ತಾಗಿದೆ ಎಂದರೆ ಹೇಳಿದವಳು ಇವಳೇ.

ಅವಳನ್ನು ಮದ್ದುಗುಂಡಿನ ಗುಡಿಸಲಿನಲ್ಲಿ ಕೂಡಿಹಾಕಿದ. ಅಣ್ಣನ ಹೆಂಡತಿಯ ಕೈಗೆ ಹಗ್ಗ ಬಿಗಿಯುವಾಗ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ವಿಷಯ ಕೇಳಿದ ಟಿಲ್ಟನ್ ಎರಡೂ ಕೋಟುಗಳ ಕಡೆ ನೋಡಿದ. "ಒಳ್ಳೇದು ಮಾಡಿದೆ. ಶನಿವಾರ ಮುಗಿಯೋವರೆಗೂ ಅವಳು ಯಾರ ಹತ್ರಾನೂ ಮಾತಾಡದ ಹಾಗೆ ನೋಡ್ಕೋ," ಎಂದ. ಸಾಕ್ಷಿಗೆ ಇರಲೆಂದು ಎರಡೂ ಕೋಟುಗಳನ್ನು ತಾನೇ ಎತ್ತಿಕೊಂಡ.

"ಗೆದ್ದಮೇಲೆ ನೀವು ಮನೆಗೆ ಹೋಗ್ತೀರಿ ತಾನೆ?" ಹಸಿಂತೊ ಕೇಳಿದ.

"ನಮ್ಮ ದೇಶದಲ್ಲಿ ಅದೇ ಜಗಳ. ಸಮುದ್ರದಾಚೆ ನೆಲ ಇಟ್ಕೋಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ನಾನು ಬೇಡ ಅನ್ನೋರ ಕಡೆ, ಮಾರಾಯ. ನಮ್ಮಪ್ಪನ ಹೊಲ ಉಳೋದೇ ನನ್ನ ಕೈಲಾಗಲ್ಲ." ಟಿಲ್ಟನ್ ನಕ್ಕ. "ಕೋಟೆಯೆದುರಿನ ಈ ಕಂದಕ ಮಾತ್ರ ನಮಗೆ ಬಿಟ್ಟುಕೊಡು. ನಾವು ಮುಂದೆ, ನೀವು ಹಿಂದೆ. ಕೋಟೆಯೊಳಗೆ ಜೊತೆಗೇ ಹೋಗೋಣ."

ಎರಡು ತಿಂಗಳು ಸೊಂಟದುದ್ದ ಕೆಸರಲ್ಲಿ ನಿಂತು, ಹೆಣ ಹೊತ್ತು ಉಳಿಸಿಕೊಂಡ ಕಂದಕ. ಹಸಿಂತೊ ಬಿಟ್ಟುಕೊಟ್ಟ. ಗೆಳೆಯ ಕೇಳಿದರೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ.

ಶನಿವಾರ ಮಳೆಯಲ್ಲೇ ಅಮೆರಿಕದವರ ಫಿರಂಗಿಗಳು ಗುಡುಗಿದವು. ಗುಂಡುಗಳು ಕೋಟೆಯೊಂದನ್ನು ಬಿಟ್ಟು ಉಳಿದೆಡೆಯೆಲ್ಲ ಬಿದ್ದವು. ಪಾಪ, ಇವರಿಗೆ ಗುರಿಯೇ ಬರದು ಎಂದು ಹಸಿಂತೊ ಮರುಗಿದ. ಸ್ಪೇನಿನವರೂ ಒಲ್ಲದ ಮನಸ್ಸಿನಿಂದ ನಾಲ್ಕು ಗುಂಡು ಹಾರಿಸಿದರು. ಊಟದ ಹೊತ್ತಿಗೆ ಬಿಳಿ ಬಾವುಟ ಮೇಲೇರಿತು.

ಅಣ್ಣನಿಗೆಂದು ಬಾಳೆಲೆಯಲ್ಲಿ ಕಟ್ಟಿಕೊಂಡ ಅನ್ನ ಹಿಡಿದು ಹಸಿಂತೊ ಕೋಟೆಬಾಗಿಲಿಗೆ ಓಡಿದ. ಅಮೆರಿಕದವರ ಬಂದೂಕುಗಳು ಅಡ್ಡ ಬಂದವು.

"ಹಿಂದಕ್ಕೆ ಹೋಗು. ನಿಮ್ಮವರನ್ನ ಒಳಗೆ ಬಿಡಬಾರದು ಅಂತ ಮಾತಾಗಿದೆ," ಎಂದ ಕಾವಲಿನವನು.

"ಯಾರ ಹತ್ರ ಮಾತಾಗಿದೆ? ನಿಮ್ಮ ಟಿಲ್ಟನ್ ನನ್ನ ಗೆಳೆಯ. ಕರೀರಿ ಅವನನ್ನ."

ಕಾವಲಿನವನು ತಿರುಗಿ ನೋಡಿದ. ಹಸಿಂತೊನೂ ನೋಡಿದ.

ಕಮಾನಿನ ಕೆಳಗೆ, ಕೆಸರಿನ ಚುಕ್ಕೆಯೂ ಇಲ್ಲದ ಗರಿಗರಿ ಕೋಟು ತೊಟ್ಟ ಇಬ್ಬರು ಕೈಕುಲುಕುತ್ತಿದ್ದರು: ಒಬ್ಬನ ತೋಳಿಗೆ ಚಿನ್ನದ ಪಟ್ಟಿ, ಇನ್ನೊಬ್ಬನ ಎದೆಯ ಮೇಲೆ ಕೋಣದ ಕೊಂಬಿನ ಗುಂಡಿ.