ಶಬ್ದಕ್ಕೊಂದು ಹುಣಸೆ ಬೀಜ

ಸಿಂಧೂರ ನಾಲ್ಕನೆಯ ಹುಣಸೆ ಬೀಜವನ್ನು ಅಮೂಲ್ಯಳ ಮುಂದಿಟ್ಟಳು. ‘ಮೆಸಾ’ ಎಂದರೆ ಸ್ಪ್ಯಾನಿಷ್‌ನಲ್ಲಿ ಮೇಜು. ಹುಡುಗಿ ಒಂದೊಂದು ಶಬ್ದಕ್ಕೆ ಒಂದೊಂದು ಬೀಜ ಸರಿಸಿದಳು: ಮ್, ಎ, ಸ್, ಆ. ಆಮೇಲೆ ಪುಸ್ತಕ ತೆರೆದು, ಎರಡು ತಿಂಗಳಿಂದ ತಡವರಿಸುತ್ತಿದ್ದ ಸಾಲನ್ನು ಒಂದೇ ಉಸಿರಿಗೆ ಓದಿಬಿಟ್ಟಳು. “ಆಂಟಿ, ಪಢ್ ಲಿಯಾ!” ಓದಿಬಿಟ್ಟೆನೆಂದು ಹಿಂದಿಯಲ್ಲೇ ಕೂಗಿದಳು.

ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಯ ಕಣ್ಣು ತುಂಬಿತು. “ಸ್ಕೂಲಲ್ಲಿ ಇವಳ ಕೈಲಾಗಲ್ಲ ಅಂದುಬಿಟ್ಟಿದ್ರು. ಹೀಗೆ ಯಾರು ಕಲಿಸಿದ್ದು?”

“ನಂದೇ ಮೆಥಡ್,” ಎಂದಳು ಸಿಂಧೂರಳ ನಾದಿನಿ ಅಪೂರ್ವ. ರಾಜಧಾನಿಯ ದ್ವಾರಕಾ ಬಡಾವಣೆಯ ಈ ಫ್ಲ್ಯಾಟಿನ ಹಾಲ್‌ನಲ್ಲಿ ನಾಲ್ಕು ಗಂಟೆಗೆ ನಡೆಯುವ ಸ್ಪ್ಯಾನಿಷ್ ಕ್ಲಾಸು ಅವಳ ಹೆಸರಿನದು. ಅವಳು ಆ ಭಾಷೆ ಕಲಿತದ್ದು ಸಿಂಧೂರಳ ಹಳೆಯ ನೋಟ್ಸಿನಿಂದ. ಮೊದಲ ದಿನ ಬೀಜಗಳನ್ನು ಕಂಡು, “ಅತ್ತಿಗೆ, ಚೌಕಾಬಾರ ಆಡಿಸೋಕೆ ಯಾರು ಫೀಸ್ ಕೊಡ್ತಾರೆ?” ಎಂದು ಮಕ್ಕಳೆದುರೇ ನಕ್ಕವಳೂ ಅವಳೇ. ಈಗ ದನಿ ಇಳಿಸಿ ಹೇಳಿದಳು, “ಅತ್ತಿಗೆಗೆ ಪಾಪ, ಮನೇಲಿ ಬೇಜಾರು. ನಾನು ಹೇಳಿದ ಹಾಗೆ ಮಕ್ಕಳನ್ನ ಕೂರಿಸ್ಕೊಳ್ತಾರೆ. ಅತ್ತಿಗೆ, ಇವರಿಗೊಂದು ಚಹಾ?”

“ಶುಂಠಿ ಹಾಕಲಾ?” ಎಂದಷ್ಟೇ ಕೇಳಿ ಸಿಂಧೂರ ಅಡುಗೆಮನೆಗೆ ಹೋದಳು. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಂತಿದ್ದಳು. ಕ್ಲಾಸಿನ ಹನ್ನೊಂದೂ ಮಕ್ಕಳ ತಾಯಂದಿರ ನಂಬರುಗಳು ಅವಳ ಫೋನಿನಲ್ಲೇ ಇದ್ದವು. ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಒಂದು ಕೋಣೆ ಸಂಜೆ ಆರಕ್ಕೂ ಖಾಲಿ ಇರುತ್ತದೆ, ನಾಲ್ಕಕ್ಕೂ ಖಾಲಿ ಇರುತ್ತದೆ. ನಾಳೆ ಸೆಕ್ರೆಟರಿಯನ್ನು ಕಂಡು ತನ್ನದೇ ಕ್ಲಾಸಿಗೆ ನಾಲ್ಕು ಗಂಟೆಯನ್ನೇ ಕೇಳಬೇಕು ಎಂದುಕೊಂಡು ಅವಳು ಚಹಾ ಸೋಸಿದಳು.