ಏಳುನೂರ ಎಪ್ಪತ್ತೇಳು

"ಬೇಕಂತಲೇ ಕೆಡಿಸಿದೀಯ!" ಮ್ಯಾನೇಜರರು ಮೇಜು ಕುಟ್ಟಿದರು. ಪರದೆಯ ಮೇಲೆ ಎರಡೇ ಪದ: ಪರ್ಮಿಷನ್ ಡಿನೈಡ್. ಅನುಮತಿ ಇಲ್ಲವಂತೆ. ಅದೂ ಅವರಿಗೆ!

ಸಿಸ್ಟಮ್ ನೋಡಿಕೊಳ್ಳುವ ಮೇಡಂ ತುಟಿ ಕಚ್ಚಿದಳು. ಹನ್ನೊಂದು ವರ್ಷ ಈ ಲಿಫ್ಟ್ ರಿಪೇರಿ ಕಂಪನಿಯ ಕಂಪ್ಯೂಟರುಗಳನ್ನು ಸಾಕಿದ್ದಕ್ಕೆ ಸಿಕ್ಕ ಬಹುಮಾನ, ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನೇ ಮಾಡಬೇಕಾದ ಕೆಲಸಗಳ ಪಟ್ಟಿ, ಬರೆಯುವ ಆಜ್ಞೆ. ಮೊದಲ ಸಾಲಿನಲ್ಲಿ ಯಾರ ಹೆಸರಿರುತ್ತದೋ ಅವರ ಲಾಗಿನ್ ಮತ್ತು ಬಾಗಿಲ ಕಾರ್ಡು ರದ್ದಾಗಬೇಕು, ವಜಾ ಪತ್ರ ಎಲ್ಲರ ಫೋನಿಗೂ ಹೋಗಬೇಕು. ಮೊದಲ ಸಾಲಿನಲ್ಲಿದ್ದದ್ದು ಅವಳದೇ ಹೆಸರು.

ಇದಕ್ಕೆಲ್ಲ ಮೂಲ ಮ್ಯಾನೇಜರರ ಹೆಂಡತಿ. ಕಂಪನಿ ಅವಳ ಅಪ್ಪ ಕಟ್ಟಿದ್ದು, ಈಗ ಅವಳ ಹೆಸರಿನಲ್ಲಿತ್ತು. "ನನ್ನ ತಮ್ಮನಿಗೆ ಅಲ್ಲೊಂದು ಒಳ್ಳೆ ಜಾಗ ಮಾಡಿ" ಅಂದಿದ್ದಳು. ಮ್ಯಾನೇಜರರಿಗೆ ತಕ್ಷಣ ಹೊಳೆದದ್ದು ಮೇಡಂ ಜಾಗ. ಭಾಮೈದ ಸೋಮವಾರವೇ ಬಂದು ಪಕ್ಕದ ಮೇಜಿನಲ್ಲಿ ವಕ್ಕರಿಸಿದ್ದ. ಭಾವನ ಮಾತಿಗೆ ತಲೆಯಾಡಿಸುವುದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇದ್ದಂತಿರಲಿಲ್ಲ.

"ಕೆಡಿಸಿಲ್ಲ ಸಾರ್," ಎಂದಳು ಮೇಡಂ. "ಹೊಸ ಸ್ಕ್ರಿಪ್ಟ್ ಅಂದ್ರೆ ಬರೀ ಬರಹ. ಓಡಿಸಬಹುದು ಅಂತ ಅನುಮತಿ ಕೊಡೋತನಕ ಓಡಲ್ಲ. ಓದೋಕೆ ನಾಲ್ಕು, ತಿದ್ದೋಕೆ ಎರಡು, ಓಡಿಸೋಕೆ ಒಂದು, ಕೂಡಿದ್ರೆ ಏಳು. ಮೊದಲನೇ ಅಂಕಿ ನಿಮಗೆ, ಎರಡನೇದು ನಿಮ್ಮ ತಂಡಕ್ಕೆ, ಮೂರನೇದು ಉಳಿದೋರಿಗೆ. ಏಳುನೂರು ಅಂತ ಕೊಡಿ, ನಿಮಗೊಬ್ಬರಿಗೇ ಎಲ್ಲ ಅಧಿಕಾರ."

"ಬರೀ ಏಳುನೂರಾ?" ಭಾಮೈದ ಮುಖ ಕಿವುಚಿದ. "ನಮ್ಮ ಭಾವನಿಗೇನು ಕಮ್ಮಿ? ಏಳುನೂರ ಎಪ್ಪತ್ತೇಳು ಕೊಡಿ, ಅದೇ ದೊಡ್ಡದು."

ದೊಡ್ಡದು ಎಂಬ ಮಾತು ಮ್ಯಾನೇಜರರಿಗೆ ಹಿತವಾಯಿತು. ಅವರ ಮೇಜು, ಕಾರು, ಸಹಿ ಎಲ್ಲವೂ ದೊಡ್ಡವೇ.

"ಸಾರ್, ಹಾಗೆ ಮಾಡಿದ್ರೆ ಯಾರು ಬೇಕಾದ್ರೂ ಅದನ್ನ ತಿದ್ದಬಹುದು."

"ನನ್ನ ಫೈಲ್ ಮುಟ್ಟೋ ಧೈರ್ಯ ಇಲ್ಲಿ ಯಾರಿಗಿದೆ? ನಿನಗಾ?" ಎಂದು ಅನುಮತಿಯ ಆಜ್ಞೆಯನ್ನು ಅವರೇ ಟೈಪು ಮಾಡಿದರು: chmod 777.

ಇನ್ನು ಓಡಿಸಿದ್ದರೆ ಮುಗಿಯುತ್ತಿತ್ತು. ಆದರೆ ನೋಡುವವರಿಲ್ಲದೆ ಒಬ್ಬರನ್ನು ಹೊರಹಾಕಿದರೆ ಏನು ಗಮ್ಮತ್ತು? ಮೇಡಂಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಮಹಡಿಯೆಲ್ಲ ಸುತ್ತಿ, ಮೆಕ್ಯಾನಿಕ್ಕುಗಳಿಂದ ಹಿಡಿದು ಟೆಲಿಫೋನ್ ಹುಡುಗಿಯರವರೆಗೆ ಎಲ್ಲರನ್ನೂ ಕರೆತಂದರು. ಭಾಮೈದ ಮಾತ್ರ ಏಳಲಿಲ್ಲ. ಫೋನು ಕಿವಿಗಿಟ್ಟು "ಹೂಂ ಅಕ್ಕ, ಹೂಂ" ಎನ್ನುತ್ತ ತನ್ನ ಕೀಲಿಮಣೆ ಕುಟ್ಟುತ್ತಿದ್ದ. ದಡ್ಡನಿಗೂ ಹೊತ್ತು ಹೋಗಬೇಕಲ್ಲ ಎಂದುಕೊಂಡರು ಮ್ಯಾನೇಜರರು.

"ನೋಡ್ಕೊಳ್ಳಿ ಎಲ್ಲರೂ," ಎಂದು ಗುಂಡಿ ಒತ್ತಿದರು.

ಈ ಸಲ ಓಡಿತು. ಮೂವತ್ತು ಫೋನುಗಳು ಒಟ್ಟಿಗೆ ಗುಯ್‌ಗುಟ್ಟಿದವು. ಓದಿದವರು ತಲೆಯೆತ್ತಿ ಮೇಡಂಳನ್ನು ನೋಡಲಿಲ್ಲ, ಮ್ಯಾನೇಜರರನ್ನು ನೋಡಿದರು. ಮ್ಯಾನೇಜರರ ಪರದೆ ಆರಿ ಲಾಗಿನ್ ಕೇಳಿತು. ಕೊಟ್ಟರೆ, ಅಂಥವರು ಯಾರೂ ಇಲ್ಲ ಎಂದಿತು.

"ಇದು ನಿನ್ನದೇ ಕಿತಾಪತಿ!" ಎಂದು ಮೇಡಂ ಮೇಲೆ ಹರಿಹಾಯ್ದರು.

"ನಾನು ನಿಮ್ಮ ಹಿಂದೆನೇ ಇದ್ನಲ್ಲ ಸಾರ್," ಎಂದಳು ಅವಳು. ಅವಳಿಗೂ ಏನೂ ಅರ್ಥವಾಗಿರಲಿಲ್ಲ.

ಭಾಮೈದ ಫೋನು ಕೆಳಗಿಟ್ಟು, ಬಹಳ ವಿನಯದಿಂದ ಎದ್ದು ನಿಂತ.

"ಹೆಸರು ತಿದ್ದು ಅಂತ ಅಕ್ಕನೇ ಹೇಳಿದ್ದು, ಭಾವ."